ರಾಶಿ ಯಾರದು?

ಸೋತವನಿಗೆ ಸಮಾಧಾನ ಹೇಳುವುದು ಸುಲಭ; ಗೆದ್ದೂ ಸೋತವನಿಗೆ ಹೇಳುವುದು ಕಷ್ಟ. 2018ರ ಮಾರ್ಚ್ 17ರ ರಾತ್ರಿ ಐರಣಿಯ ಅಜ್ಜನೊಬ್ಬನಿಗೆ ಈ ಕಷ್ಟ ಒದಗಿತು. ಮರುದಿನ ಯುಗಾದಿ. ಬೆಂಗಳೂರಿನಲ್ಲಿ ಓದುತ್ತಿದ್ದ ಮೊಮ್ಮಗನು ಹಬ್ಬಕ್ಕೆಂದು ಊರಿಗೆ ಬಂದಿದ್ದನು. ಬಂದವನು ತುಂಗಭದ್ರೆಯ ದಂಡೆಯ ಕಡೆಗೂ ಸುಳಿಯದೆ ಟೆಲಿವಿಷನ್ನಿನ ಮುಂದೆ ಕುಳಿತನು. ಅಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಅಂತಿಮ ಪಂದ್ಯ. ಬೆಂಗಳೂರು ಎಫ್‌ಸಿ ತಂಡಕ್ಕೆ ಚೆನ್ನೈಯಿನ್ ಎದುರಾಳಿ.

ಒಂಬತ್ತನೆಯ ನಿಮಿಷದಲ್ಲಿಯೇ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಹುಡುಗನ ಕೂಗಿಗೆ ಅಡಿಗೆಮನೆಯಲ್ಲಿದ್ದವರು ಬೆಚ್ಚಿಬಿದ್ದರು. ಆ ಹರ್ಷ ಬಹಳ ಹೊತ್ತು ನಿಲ್ಲಲಿಲ್ಲ. ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ತಲೆಯಿಂದಲೇ ಎರಡು ಗೋಲು ಹೊಡೆದನು. ಕೊನೆಗೆ 3-2ರಿಂದ ಕಪ್ಪು ಅವರ ಪಾಲಾಯಿತು.

ಹುಡುಗನ ಸಿಟ್ಟಿಗೆ ಆಧಾರವಿಲ್ಲದೆ ಇರಲಿಲ್ಲ. ಹತ್ತು ತಂಡಗಳ ಆ ಲೀಗಿನಲ್ಲಿ ಪ್ರತಿಯೊಂದು ತಂಡವೂ 18 ಪಂದ್ಯಗಳನ್ನು ಆಡಿತ್ತು. ಬೆಂಗಳೂರು 40 ಅಂಕ ಗಳಿಸಿ ಅಗ್ರಸ್ಥಾನದಲ್ಲಿದ್ದರೆ, ಎರಡನೆಯ ಸ್ಥಾನದ ಚೆನ್ನೈಯಿನ್‌ಗೆ 32 ಅಂಕ. ಐ-ಲೀಗಿನಲ್ಲಾಗಿದ್ದರೆ ವಿಜಯಮಾಲೆ ಅಲ್ಲಿಗೇ ನಿಶ್ಚಿತವಾಗುತ್ತಿತ್ತು. 2013-14ರಲ್ಲಿ ತನ್ನ ಮೊದಲ ವರ್ಷದಲ್ಲಿಯೇ ಬೆಂಗಳೂರು ತಂಡ ಅಂಕಗಳ ಬಲದಿಂದಲೇ ಚಾಂಪಿಯನ್ ಆಗಿತ್ತು. ಸೂಪರ್ ಲೀಗಿನ ಆಗಿನ ಕ್ರಮವೇ ಬೇರೆಯಾಗಿತ್ತು. ಮೊದಲ ನಾಲ್ಕು ತಂಡಗಳು ಸೆಮಿಫೈನಲ್ ಆಡಬೇಕಾಗಿತ್ತು. ಉಳಿದ ಎರಡಕ್ಕೆ ಒಂದೇ ಸಂಜೆಯ ಫೈನಲ್.

ಹರೆಯದಲ್ಲಿ ಗರಡಿಯ ಮಣ್ಣು ಕಂಡ ಅಜ್ಜನು ನಕ್ಕನು. "ವರ್ಷಾನುಗಟ್ಟಲೆ ಸಾಮು ಮಾಡಿದವನೂ ಜಾತ್ರಿ ದಿನ ಬೆನ್ನಿಗೆ ಮಣ್ಣು ಹಚ್ಚಿಕೊಂಡ್ರ ಸೋತಂಗ, ತಮ್ಮಾ."

"ಕುಸ್ತಿ ಒಂದ ದಿನದ್ದು, ಅಜ್ಜಾ. ಇದು ನಾಕು ತಿಂಗಳ ಬೆಳಿ. ರಾಶಿ ಮಾಡಿ ಅಳದ ಮ್ಯಾಲೆ, ಮತ್ತೊಂದ ಚೀಲ ತೂಗಿ, ನಿಂದ ಕಡಿಮಿ ಅಂದ್ರ ಹೆಂಗ?"

ಒಕ್ಕಲುತನದ ಮಾತು ಬಂದಾಗ ಅಜ್ಜನು ಸುಮ್ಮನಾದನು.

ಇಂಥ ಫೈನಲ್ಲಿನ ಪರವಾಗಿಯೂ ಮಾತಿಲ್ಲದಿಲ್ಲ. ಒಂದು ತಂಡ ಬಹಳ ಮುಂದೆ ಹೋಗಿಬಿಟ್ಟರೆ ಕಡೆಯ ವಾರಗಳಲ್ಲಿ ಮಿಕ್ಕವರ ಆಟಕ್ಕೆ ಅರ್ಥವುಳಿಯದು. ನಾಲ್ಕನೆಯವನಿಗೂ ಆಸೆಯಿದ್ದರೆ ಕ್ರೀಡಾಂಗಣ ತುಂಬುತ್ತದೆ. ಆದರೆ ಸ್ಥೈರ್ಯವೊಂದು ಗುಣ, ಸಮಯಕ್ಕೊದಗುವ ಶೌರ್ಯ ಇನ್ನೊಂದು. ಎರಡನ್ನೂ ಒಂದೇ ಕಪ್ಪಿನಿಂದ ಅಳೆಯಹೊರಟಾಗಲೇ ಜಗಳ. ಇದನ್ನು ಮನಗಂಡೋ ಏನೋ, 2019-20ರಿಂದ ಅಂಕಪಟ್ಟಿಯ ಅಗ್ರಸ್ಥಾನಕ್ಕೆ ಬೇರೆಯೇ ಒಂದು ಶೀಲ್ಡ್ ಬಂದಿತು. ಅದನ್ನು ಮೊದಲು ಗೆದ್ದುದು ಗೋವೆಯ ತಂಡ. ಆದರೂ ಜನರು ಕಾತರದಿಂದ ಕಾಯುತ್ತಿದ್ದುದು ಕಪ್ಪಿನ ರಾತ್ರಿಯನ್ನೇ.

ಐದು ವರ್ಷಗಳು ಕಳೆದವು. 2023ರ ಮಾರ್ಚ್ 12ರಂದು ಮೊಮ್ಮಗನಿಂದ ಫೋನು ಬಂದಿತು. ಸೆಮಿಫೈನಲ್ಲಿನಲ್ಲಿ ಬೆಂಗಳೂರು ಮುಂಬೈ ಸಿಟಿ ತಂಡವನ್ನು ಪೆನಾಲ್ಟಿಗಳಲ್ಲಿ 9-8ರಿಂದ ಸೋಲಿಸಿತ್ತು. ಹುಡುಗನ ಸಂತೋಷಕ್ಕೆ ಪಾರವಿರಲಿಲ್ಲ. ಅಜ್ಜನು ಎಲ್ಲವನ್ನೂ ಕೇಳಿ ಮೆಲ್ಲಗೆ ವಿಚಾರಿಸಿದನು:

"ಮುಂಬೈಯವ್ರ ಅಂಕ ಎಷ್ಟಿದ್ವು?"

"ಇಪ್ಪತ್ತು ಪಂದ್ಯಕ್ಕ ನಲವತ್ತಾರು. ಶೀಲ್ಡ್ ಅವ್ರದ."

"ನಿಮ್ಮವು?"

"ಮೂವತ್ನಾಕು. ನಾಕನೇ ಸ್ಥಾನ."

"ಹಂಗಾರ ರಾಶಿ ಯಾರದು, ತಮ್ಮಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನಿಯಮದ ತಕ್ಕಡಿಯನ್ನು ಸೋತ ದಿನ ಪರೀಕ್ಷಿಸುವವರು ಬಹಳ ಮಂದಿ. ಗೆದ್ದ ದಿನ ಮುಟ್ಟಿ ನೋಡುವವರು ವಿರಳ.

"ರಾಶಿ ಮುಂಬೈಯವ್ರದ, ಅಜ್ಜಾ," ಎಂದನು ಮೊಮ್ಮಗ. "ಆದ್ರ ಫೈನಲ್ ನಮ್ದು."

ಆರು ದಿನಗಳ ಅನಂತರ ಗೋವೆಯಲ್ಲಿ ನಡೆದ ಫೈನಲ್ಲಿನಲ್ಲಿ ಎಟಿಕೆ ಮೋಹನ್ ಬಗಾನ್ ತಂಡ ಬೆಂಗಳೂರನ್ನು ಪೆನಾಲ್ಟಿಗಳಲ್ಲಿಯೇ ಸೋಲಿಸಿತು. ಆ ರಾತ್ರಿಯೂ ಐರಣಿಗೆ ಫೋನು ಬಂದಿತು. ಹುಡುಗನ ಕಂಠ ಬಿಗಿದಿತ್ತು. ಆದರೆ ನಿಯಮವನ್ನು ಮಾತ್ರ ಅವನು ದೂರಲಿಲ್ಲ.