ಅಗ್ಗದ ಗಾನಪೆಟ್ಟಿಗೆ

ಮುಂಬಯಿಯಂತಹ ಮಹಾನಗರದಲ್ಲಿ ಸದ್ದಿಗೆ ಕೊರತೆಯೆಂಬುದಿಲ್ಲ. ಲೋಕಲ್ ರೈಲಿನ ಗಡಗಡ, ಹಬ್ಬದ ದಿನಗಳ ಧ್ವನಿವರ್ಧಕ, ಚಾಳಿನ ಆಚೆಮನೆಯ ಟೆಲಿವಿಷನ್ನು, ಈಚೆಮನೆಯ ಜಗಳ, ಇವೆಲ್ಲವೂ ಬೇಡವೆಂದರೂ ಕಿವಿಯನ್ನು ಹೊಗುತ್ತವೆ. ಮರಾಠಿ ಕೇಳುತ್ತದೆ, ಹಿಂದಿ ಕೇಳುತ್ತದೆ, ಗುಜರಾತಿ ಕೇಳುತ್ತದೆ. ಕನ್ನಡ ಮಾತ್ರ ತಾನಾಗಿ ಕೇಳಿಬರುವುದಿಲ್ಲ. ಅದನ್ನು ಹುಡುಕಿಕೊಂಡು ಹೋಗಬೇಕು. ಮನೆಮಾತು ತುಳುವೋ ಕೊಂಕಣಿಯೋ ಆಗಿರುವ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ಶಾಲೆಯ ಐದಾರು ಗಂಟೆಗಳೇ ದಿನದ ಕನ್ನಡ. ಸಂಜೆಯ ಗಂಟೆ ಬಾರಿಸಿದೊಡನೆ ಅದೂ ಮುಗಿಯಿತು. ಆದುದರಿಂದ, ಕಿಸೆಯಲ್ಲಿ ಹಿಡಿಯುವ ಒಂದು ಅಗ್ಗದ ಗಾನಪೆಟ್ಟಿಗೆಯನ್ನು ಕೊಳ್ಳಬೇಕೆ, ಕೊಂಡರೆ ಹೇಗೆ ಬಳಸಬೇಕು ಎಂಬ ಪ್ರಶ್ನೆಯನ್ನು ನಾವು ಬರಿಯ ಆಟಿಕೆಯ ಪ್ರಶ್ನೆಯೆಂದು ಭಾವಿಸುವುದಿಲ್ಲ. ಕೊಳ್ಳಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಅದರಲ್ಲಿ ಚಲಚ್ಚಿತ್ರ ನೋಡುವ ಸೌಕರ್ಯಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ ಎಂಬುದೂ ನಮ್ಮ ಅಭಿಪ್ರಾಯವೇ.

“ಫೋನಿನಲ್ಲೇ ಎಲ್ಲವೂ ಇರುವಾಗ ಇದೊಂದು ಬೇರೆ ಏಕೆ?” ಎಂದು ಹಿರಿಯರು ಕೇಳುವರು. ಪ್ರಶ್ನೆ ನ್ಯಾಯವಾದದ್ದೇ. ಆಪಲ್ ಕಂಪನಿಯು ೨೦೦೧ರಲ್ಲಿ ಹೊರತಂದು ಜಗತ್ತನ್ನೇ ಮರುಳುಗೊಳಿಸಿದ್ದ ಐಪಾಡ್ ಯಂತ್ರಕ್ಕೆ ೨೦೨೨ರ ಮೇ ತಿಂಗಳಲ್ಲಿ ಮಂಗಳ ಹಾಡಿದುದೂ ಫೋನೇ. ಆದರೆ ನಮ್ಮ ಮಕ್ಕಳ ಮನೆಗಳಲ್ಲಿ ಫೋನೆಂಬುದು ಸಾಮಾನ್ಯವಾಗಿ ತಂದೆಯ ಸ್ವತ್ತು. ಅವರು ಹೋಟೆಲಿನ ಪಾಳಿಯನ್ನು ಮುಗಿಸಿ ಬಂದ ಮೇಲೆ ತಾನೆ ಅದು ಮನೆಗೆ ಬರುವುದು? ಬಂದ ಮೇಲೂ ಅದರೊಡನೆ ಆಟಗಳು, ಜಾಹೀರಾತುಗಳು, ಗಳಿಗೆಗೊಮ್ಮೆ ಕುಟುಕುವ ಸಂದೇಶಗಳು ಬರುತ್ತವೆ. ಇನ್ನೂ ಒಂದು ಮಾತಿದೆ. ಅಂತರ್ಜಾಲದ ಮೂಲಕ ಹಾಡುವ ಫೋನು ಮುಂದಿನ ಹಾಡನ್ನು ಬಹುಮಟ್ಟಿಗೆ ತಾನೇ ಆರಿಸಿಕೊಡುತ್ತದೆ. ಒಂದು ದೇವರನಾಮ ಮುಗಿಯುವಷ್ಟರಲ್ಲಿ ನಾವು ಕರೆಯದ ಬೇರೆ ಯಾವುದೋ ಹಾಡು ಬಂದು ಕುಳಿತಿರುತ್ತದೆ. ಹೆಚ್ಚು ಜನ ಕೇಳುವುದನ್ನೇ ಇನ್ನೂ ಹೆಚ್ಚು ಜನರಿಗೆ ಕೇಳಿಸುವುದು ಅದರ ಸ್ವಭಾವ. ಪರನಗರದಲ್ಲಿ ಕೆಲವೇ ಜನರಾದ ನಮಗೆ ಆ ಸ್ವಭಾವ ಅನುಕೂಲವಾದದ್ದಲ್ಲ. ಗಾನಪೆಟ್ಟಿಗೆಯಾದರೋ ದಡ್ಡ ಸೇವಕ. ನಾವು ತುಂಬಿದ್ದನ್ನು ಮಾತ್ರ ಹಾಡುತ್ತದೆ. ಈ ದಡ್ಡತನವೇ ಅದರ ದೊಡ್ಡ ಗುಣವೆಂದು ನಾವು ಎಣಿಸುತ್ತೇವೆ.

ಅಗ್ಗವಾದದ್ದೆಂದರೆ ಕೀಳಾದದ್ದು ಎಂದು ಮೂಗು ಮುರಿಯುವವರು ಈ ಯಂತ್ರಗಳ ಚರಿತ್ರೆಯನ್ನು ಕೊಂಚ ನೋಡಬೇಕು. ೧೯೫೪ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಎಂಬ ಕಿಸೆಯ ಟ್ರಾನ್ಸಿಸ್ಟರ್ ರೇಡಿಯೋ ಮಾರಾಟಕ್ಕೆ ಬಂದಿತು. ೧೯೬೩ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯು ಕ್ಯಾಸೆಟ್ಟನ್ನು ಜನರ ಮುಂದಿಟ್ಟಿತು. ೧೯೭೯ರ ಜುಲೈಯಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದಿತು. ಆ ಮೊದಲ ವಾಕ್‌ಮನ್ನಿನಲ್ಲಿ ಇಯರ್‌ಫೋನು ಸಿಕ್ಕಿಸುವ ತೂತುಗಳು ಎರಡಿದ್ದವು. ಪಕ್ಕದಲ್ಲಿರುವವನನ್ನು ಬಿಟ್ಟು ಒಬ್ಬನೇ ಕೇಳುವುದು ಸೌಜನ್ಯವಲ್ಲವೆಂದು ಅದನ್ನು ಮಾಡಿಸಿದವರಿಗೆ ತೋರಿತಂತೆ. ಮುಂದೆ ಬಂದ ಯಂತ್ರಗಳಲ್ಲಿ ಆ ಎರಡನೆಯ ತೂತು ಮಾಯವಾದುದು ನಮಗೇನೋ ಇಂದಿಗೂ ಒಂದು ನಷ್ಟವೆಂದೇ ಕಾಣುತ್ತದೆ.

ಇವುಗಳಲ್ಲೆಲ್ಲ ಕನ್ನಡಕ್ಕೆ ಹೆಚ್ಚಿನ ಉಪಕಾರ ಮಾಡಿದುದು ಕ್ಯಾಸೆಟ್ಟು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ತಾಳಮದ್ದಳೆಯ ಅರ್ಥಧಾರಿಗೆ ಮೂರು ನಿಮಿಷವೆಂದರೆ ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸಾಲದು. ಅರುವತ್ತು, ತೊಂಬತ್ತು ನಿಮಿಷಗಳ ಕ್ಯಾಸೆಟ್ಟು ಅಗ್ಗವಾಗಿ ದೊರೆತ ಮೇಲೆ ಯಕ್ಷಗಾನದ ಪ್ರಸಂಗಗಳು ಮನೆಮನೆಗೆ ಬಂದವು, ತುಳು ಹಾಡುಗಳು ಬಂದವು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ೧೯೭೮ರಲ್ಲಿ ಕ್ಯಾಸೆಟ್ಟಾಗಿ ಹೊರಬಂದು ಕವಿತೆಯನ್ನು ಓದದವರ ಬಾಯಲ್ಲೂ ಕವಿತೆಯನ್ನು ನಿಲ್ಲಿಸಿತು. ದೊಡ್ಡ ಬಂಡವಾಳವಿಲ್ಲದ ಭಾಷೆಗೆ ಅಗ್ಗದ ಯಂತ್ರವೇ ಗೆಳೆಯ.

ಈಗಿನ ಗಾನಪೆಟ್ಟಿಗೆಯ ಜೀವಾಳ ಎಂ.ಪಿ.೩ ಎಂಬ ಕ್ರಮ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ರೂಪಿಸಿದವರಲ್ಲಿ ಮುಖ್ಯರು. ಅದರ ತತ್ತ್ವ ನಮ್ಮ ಊರಿನವರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ದಾದರ್ ನಿಲ್ದಾಣದಲ್ಲಿ ವೇಗದ ರೈಲೊಂದು ಹಾದುಹೋಗುತ್ತಿರುವಾಗ ಪಕ್ಕದಲ್ಲಿ ನಿಂತ ಗೆಳೆಯನ ಮಾತು ಕೇಳಿಸುವುದಿಲ್ಲ. ಅವನು ಮಾತಾಡುತ್ತಲೇ ಇರುತ್ತಾನೆ, ಕಿವಿ ಅದನ್ನು ಹಿಡಿಯಲಾರದು. ದೊಡ್ಡ ಸದ್ದಿನ ನೆರಳಿನಲ್ಲಿ ಅಡಗಿದ ಸಣ್ಣ ಸದ್ದನ್ನು ಕಿವಿ ಹೇಗೂ ಹಿಡಿಯದಿದ್ದರೆ ಅದನ್ನು ಬರೆದಿಟ್ಟುಕೊಳ್ಳುವುದೇಕೆ? ಹೀಗೆ ಲೆಕ್ಕ ಹಾಕಿ ಬಿಸುಡಬಹುದಾದುದನ್ನು ಬಿಸುಡುವುದೇ ಎಂ.ಪಿ.೩. ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ ೪೪,೧೦೦ ಬಾರಿ ಧ್ವನಿಯನ್ನು ಅಳೆದು ಬರೆಯುವುದರಿಂದ ಒಂದು ನಿಮಿಷದ ಸಂಗೀತಕ್ಕೆ ಸುಮಾರು ೧೦ ಮೆಗಾಬೈಟು ಬೇಕು. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಎಂ.ಪಿ.೩ಕ್ಕೆ ಸುಮಾರು ಒಂದೇ ಮೆಗಾಬೈಟು ಸಾಕು. ೧೯೯೮ರಲ್ಲಿ ಕೊರಿಯದಿಂದ ಬಂದ ಎಂಪಿಮ್ಯಾನ್ ಎಂಬ ಮೊದಮೊದಲ ಯಂತ್ರದಲ್ಲಿ ೩೨ ಮೆಗಾಬೈಟುಗಳಿದ್ದವು, ಎಂದರೆ ಅರ್ಧ ಗಂಟೆಯ ಹಾಡು. ಇಂದು ಅತ್ಯಂತ ಚಿಕ್ಕದೆನಿಸುವ ೮ ಗಿಗಾಬೈಟಿನಲ್ಲಿ ನೂರಮೂವತ್ತು ಗಂಟೆಗಳಿಗೂ ಮಿಕ್ಕಿ ಹಿಡಿಯುತ್ತದೆ. ಹೀಗಿರುವಾಗ ೬೪ ಬೇಕು, ೧೨೮ ಬೇಕು ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಆದರೆ ಬಿಸುಡುವುದರಲ್ಲೂ ಮಿತಿಯುಂಟು. ಥಟ್ಟನೆ ಎದ್ದು ಥಟ್ಟನೆ ಅಡಗುವ ಪೆಟ್ಟುಗಳನ್ನು ಈ ಕ್ರಮ ಸುಲಭವಾಗಿ ಹಿಡಿಯಲಾರದು. ಜಾಸ್ತಿ ಹಿಂಡಿದ ಕಡತದಲ್ಲಿ ಚಂಡೆಯ ಪೆಟ್ಟು ನೆನೆದ ಚರ್ಮದಂತೆ ಮಂಕಾಗುತ್ತದೆ, ಚಕ್ರತಾಳದ ಠಣತ್ಕಾರ ಸೀಳಿದಂತಾಗುತ್ತದೆ. ಆದುದರಿಂದ ಮಾತಿಗೆ, ಕತೆಗೆ, ಪಾಠಕ್ಕೆ ೬೪ ಕಿಲೋಬಿಟ್ಟು ಧಾರಾಳವಾಗಿ ಸಾಕು. ಯಕ್ಷಗಾನಕ್ಕೂ ಶಾಸ್ತ್ರೀಯ ಸಂಗೀತಕ್ಕೂ ೧೯೨ಕ್ಕಿಂತ ಕಡಿಮೆ ಬೇಡ. ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಜಾಗ ಉಳಿಸುವುದಕ್ಕಾಗಿ ಹಿಂಡುವುದು ಜಿಪುಣತನದ ಪರಮಾವಧಿ.

ಇನ್ನು ಕೊಳ್ಳುವ ಮಾತು. ಬೀದಿಬದಿಯಲ್ಲಿ ಎಂ.ಪಿ.೪, ಎಂ.ಪಿ.೫ ಎಂದು ಕೂಗಿ ಮಾರುವುದನ್ನು ನೀವು ಕೇಳಿರಬಹುದು. ಎಂ.ಪಿ.೩ ಮೂರನೆಯ ತರಗತಿ, ಎಂ.ಪಿ.೫ ಐದನೆಯ ತರಗತಿ ಎಂದು ತಿಳಿಯಬೇಡಿ. ಎಂ.ಪಿ.೩ರ ಮೂರು ಎಂಬುದು ಆ ಕ್ರಮದ ಮೂರನೆಯ ಪದರವನ್ನು ಸೂಚಿಸುವ ಅಂಕಿ, ಎಂ.ಪಿ.೪ ಎಂಬುದು ಚಿತ್ರವನ್ನೂ ಧ್ವನಿಯನ್ನೂ ಕೂಡಿಸಿಡುವ ಒಂದು ಬಗೆಯ ಕಡತ; ಎಂ.ಪಿ.೫ ಎಂಬ ಕ್ರಮವೇ ಇಲ್ಲ, ಅದು ಮಾರುವವನ ಕಲ್ಪನೆ. ಇದಕ್ಕಿಂತ ಕೆಟ್ಟ ಮೋಸವೊಂದುಂಟು. ಹೊರಗೆ ೬೪ ಗಿಗಾಬೈಟೆಂದು ಮುದ್ರಿಸಿ, ಒಳಗೆ ೪ ಅಥವಾ ೮ರ ಚಿಪ್ಪನ್ನಿಟ್ಟು, ಕಂಪ್ಯೂಟರಿಗೂ ೬೪ ಎಂದೇ ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಮೊದಲ ಹಾಡುಗಳು ಚೆನ್ನಾಗಿಯೇ ಹಾಡುತ್ತವೆ. ಹಿಂದಿನಿಂದ ತುಂಬಿದ್ದು ಮಾತ್ರ ಗಾಳಿಗೆ ಹೋಗುತ್ತದೆ, ಇಲ್ಲವೆ ಮೊದಲಿನದನ್ನೂ ಅಳಿಸುತ್ತದೆ. ಕೊಂಡ ದಿನವೇ ಪೆಟ್ಟಿಗೆಯನ್ನು ಕಂಠಪೂರ್ತಿ ತುಂಬಿ ಕೊನೆಯ ಹಾಡನ್ನು ಕೇಳಿ ನೋಡುವುದು ಇದಕ್ಕೆ ಸರಳವಾದ ಪರೀಕ್ಷೆ. ರಸೀದಿ ಕೊಡದ ಅಂಗಡಿಯಲ್ಲಿ ಕೊಂಡರೆ ಪರೀಕ್ಷೆಯಿಂದಲೂ ಪ್ರಯೋಜನವಿಲ್ಲವೆನ್ನಿ. ಆದರೆ ೮ ಎಂದು ಬರೆದದ್ದು ಕಂಪ್ಯೂಟರಿನಲ್ಲಿ ೭.೪ ಎಂದು ಕಂಡರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು ೧,೦೨೪ರ ಲೆಕ್ಕದಲ್ಲಿ ಎಣಿಸುತ್ತದೆ. ವ್ಯತ್ಯಾಸ ಗಣಿತದ್ದು, ಮೋಸದ್ದಲ್ಲ.

ನಮ್ಮವರು ಯಾರೂ ಮಾಡದ ಇನ್ನೊಂದು ಪರೀಕ್ಷೆಯನ್ನು ನಾವು ಒತ್ತಿ ಹೇಳಬೇಕಾಗಿದೆ. ಅಂಗಡಿಗೆ ಹೋಗುವಾಗ ಕನ್ನಡ ಲಿಪಿಯಲ್ಲಿ ಹೆಸರಿಟ್ಟ ಒಂದು ಹಾಡನ್ನು ಜೊತೆಗೆ ಒಯ್ಯಿರಿ. ‘ರಾಷ್ಟ್ರ’ ಎಂಬಂತಹ ಪದವಿದ್ದರೆ ಇನ್ನೂ ಒಳ್ಳೆಯದು. ಅದನ್ನು ಯಂತ್ರಕ್ಕೆ ಹಾಕಿಸಿ ಪರದೆಯನ್ನು ನೋಡಿರಿ. ಅನೇಕ ಅಗ್ಗದ ಯಂತ್ರಗಳಲ್ಲಿ ಕನ್ನಡದ ಬದಲಾಗಿ ಖಾಲಿ ಚೌಕಗಳ ಸಾಲು ಕಾಣುತ್ತದೆ. ಅಕ್ಷರ ಕಂಡರೂ ಒತ್ತುಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಅಕ್ಷರಸಂಹಿತೆಯ ಮೊದಲನೆಯ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಸ್ಥಾನವೊಂದಿದ್ದರೆ ಸಾಲದು, ಕನ್ನಡದ ಅಚ್ಚುಗಳನ್ನು ಯಂತ್ರದೊಳಗಿಟ್ಟು ಒತ್ತಕ್ಷರವನ್ನು ಕೂಡಿಸುವ ಬಗೆಯನ್ನು ಅದಕ್ಕೆ ಕಲಿಸಬೇಕು. ಕಲಿಸಿದ ಯಂತ್ರ ಸಿಕ್ಕದಿದ್ದರೆ ಹಾಡುಗಳಿಗೆ ಅಂಕಿ ಹಾಕಿ, ಪಟ್ಟಿಯನ್ನು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರಾಯಿತು. ಆದರೂ ಅಂಗಡಿಯಲ್ಲಿ ಕೇಳುವುದನ್ನು ಬಿಡಬಾರದು. ಗಿರಾಕಿ ಕೇಳದ ಸರಕನ್ನು ಯಾವ ವ್ಯಾಪಾರಿಯೂ ತರಿಸುವುದಿಲ್ಲ.

ಚಲಚ್ಚಿತ್ರದ ವಿಷಯದಲ್ಲಿ ನಮ್ಮ ಮಾತು ಕೆಲವರಿಗೆ ರುಚಿಸಲಾರದು. ೨೦೦೫ರ ಸುಮಾರಿಗೆ ಚೀನದಿಂದ ಬಂದ ಅಗ್ಗದ ಯಂತ್ರಗಳಲ್ಲಿ ಚಿತ್ರ ನೋಡಬೇಕಾದರೆ ಪ್ರತಿಯೊಂದನ್ನೂ ಎ.ಎಂ.ವಿ. ಎಂಬ ವಿಚಿತ್ರ ಕಡತವಾಗಿ ಕಂಪ್ಯೂಟರಿನಲ್ಲಿ ಮಾರ್ಪಡಿಸಬೇಕಾಗಿತ್ತು. ಚಿತ್ರಮಂದಿರದಲ್ಲಿ ಸೆಕೆಂಡಿಗೆ ೨೪ ಚೌಕಟ್ಟು ಓಡಿದರೆ ಅಲ್ಲಿ ಹದಿನೈದಕ್ಕೂ ತತ್ವಾರ. ಈಗ ಸ್ಥಿತಿ ಸುಧಾರಿಸಿದೆ. ಆದರೂ ಬೆಂಕಿಪೆಟ್ಟಿಗೆಯಷ್ಟು ಪರದೆಯಲ್ಲಿ ಡಾಕ್ಟರ್ ರಾಜಕುಮಾರರನ್ನು ನೋಡುವುದು ಗೋಳಗುಮ್ಮಟವನ್ನು ಬೀಗದ ಕೈ ತೂತಿನಿಂದ ನೋಡಿದಂತೆ. ಬ್ಯಾಟರಿಯನ್ನು ಬೇಗ ಹೀರುವುದೂ ಪರದೆಯೇ. ಆ ಹಣದಲ್ಲಿ ಒಂದು ಒಳ್ಳೆಯ ಇಯರ್‌ಫೋನು ಕೊಳ್ಳಿರಿ.

ಇಯರ್‌ಫೋನಿನ ಮಾತು ಬಂದಾಗ ಕಿವಿಯ ಮಾತನ್ನೂ ಆಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಾರಕ್ಕೆ ೪೦ ಗಂಟೆ ಕೇಳುವುದಾದರೆ ದೊಡ್ಡವರಿಗೆ ೮೦ ಡೆಸಿಬೆಲ್, ಮಕ್ಕಳಿಗೆ ೭೫ ಡೆಸಿಬೆಲ್ ಮಿತಿ. ಸದ್ದು ೯೦ಕ್ಕೆ ಏರಿದರೆ ದೊಡ್ಡವರಿಗೂ ವಾರಕ್ಕೆ ನಾಲ್ಕೇ ಗಂಟೆ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ಕಷ್ಟವೇನೆಂದರೆ, ಲೋಕಲ್ ರೈಲಿನ ಸದ್ದಿನ ಮೇಲೆ ಹಾಡು ಕೇಳಿಸಬೇಕೆಂದು ಗುಂಡಿ ಒತ್ತುತ್ತ ಒತ್ತುತ್ತ ಎಲ್ಲಿಗೆ ಮುಟ್ಟಿದೆವೆಂಬುದೇ ತಿಳಿಯುವುದಿಲ್ಲ. ಆದುದರಿಂದ ಮನೆಯ ಮೌನದಲ್ಲಿ ಹಿತವಾಗುವಷ್ಟಕ್ಕೆ ಸದ್ದನ್ನು ನಿಲ್ಲಿಸಿ, ರೈಲಿನಲ್ಲಿ ಅದು ಕೇಳಿಸದಿದ್ದರೆ ಯಂತ್ರವನ್ನು ಕಿಸೆಗೆ ಹಾಕಿರಿ. ರಸ್ತೆಯಲ್ಲಿ, ರೈಲುಹಳಿಯ ಬಳಿಯಲ್ಲಿ ಎರಡು ಕಿವಿಗಳನ್ನೂ ಮುಚ್ಚಿಕೊಂಡು ನಡೆಯುವವನು ಸಾವನ್ನು ಕೂಗಿ ಕರೆಯುತ್ತಾನೆ.

ಏನನ್ನು ತುಂಬಬೇಕು? ಕೆಲವು ಅಂಗಡಿಗಳಲ್ಲಿ ಅಲ್ಪ ಹಣಕ್ಕೆ ಸಾವಿರ ಹಾಡುಗಳನ್ನು ಒಮ್ಮೆಗೆ ಸುರಿದುಕೊಡುವ ರೂಢಿಯುಂಟು. ೧೯೫೭ರ ಕೃತಿಸ್ವಾಮ್ಯದ ಕಾನೂನಿನಂತೆ ಅದು ಅಪರಾಧ. ಅದಲ್ಲದೆ, ಸುರಿಸಿಕೊಂಡ ಸಾವಿರದಲ್ಲಿ ನಿಮ್ಮ ಆಯ್ಕೆ ಒಂದೂ ಇರುವುದಿಲ್ಲ. ಮನೆಯಲ್ಲೇ ಇರುವುದನ್ನು ಮೊದಲು ನೋಡಿರಿ. ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಅಜ್ಜ ಕೊಂಡ ಕ್ಯಾಸೆಟ್ಟುಗಳಿರಬಹುದು. ಮುಂಬಯಿಯ ಮಳೆಗಾಲದ ತೇವಕ್ಕೆ ಆ ಸುರುಳಿಗಳಿಗೆ ಬೂಷ್ಟು ಹಿಡಿಯುತ್ತದೆ, ಕಾಂತದ ಪುಡಿ ಉದುರುತ್ತದೆ; ವರ್ಷ ಕಳೆದಂತೆ ಅವು ಮೂಕವಾಗುತ್ತಿವೆ. ಹಾಡುವ ಟೇಪ್‌ರೆಕಾರ್ಡರು ಇನ್ನೂ ಯಾರ ಮನೆಯಲ್ಲಿದೆಯೆಂದು ವಿಚಾರಿಸಿ, ತಂತಿಯೊಂದನ್ನು ಸಿಕ್ಕಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಂಡಿ ಅನೇಕ ಅಗ್ಗದ ಪೆಟ್ಟಿಗೆಗಳಲ್ಲಿದೆ. ಧ್ವನಿಯನ್ನು ಹಿಡಿಯುವ ಗುಂಡಿ ಅದು. ಅದನ್ನು ಒತ್ತುವವರೇ ಇಲ್ಲ. ಊರಿನಿಂದ ಬಂದು ಒಂದು ತಿಂಗಳು ನಿಮ್ಮ ಮನೆಯಲ್ಲಿದ್ದು ಹೋಗುವ ಅಜ್ಜಿಗೆ ಬೀಸುವ ಹಾಡು, ಸೋಬಾನೆ ಹಾಡು, ಪಾಡ್ದನ ಬರುತ್ತದೆ. ಅವು ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಅಜ್ಜಿ ಕುಳಿತಿರುವಾಗ ಪಂಖವನ್ನು ಆರಿಸಿ, ಪೆಟ್ಟಿಗೆಯನ್ನು ಒಂದು ಗೇಣು ದೂರದಲ್ಲಿ ಮಡಿಸಿದ ಟವಲಿನ ಮೇಲಿಟ್ಟು, ಗುಂಡಿ ಒತ್ತಿರಿ. ಮೊದಲು ಆಕೆಯ ಅಪ್ಪಣೆಯನ್ನು ಕೇಳಿರಿ. ಹಾಡಿನ ಕೊನೆಗೆ ಆಕೆಯ ಊರನ್ನೂ, ಆ ಹಾಡನ್ನು ಯಾರಿಂದ ಕಲಿತಳೆಂಬುದನ್ನೂ ಆಕೆಯ ಬಾಯಿಂದಲೇ ಹೇಳಿಸಿರಿ.

ಕೊಳ್ಳಲಾರದ ಮಕ್ಕಳ ಗತಿಯೇನು ಎಂದು ಕೇಳಿದರೆ ನಮ್ಮ ಸಲಹೆ ಇದು. ಶಾಲೆಯ ಗ್ರಂಥಭಂಡಾರವು ಪುಸ್ತಕಗಳನ್ನು ಕೊಡುವಂತೆಯೇ ನಾಲ್ಕೈದು ಗಾನಪೆಟ್ಟಿಗೆಗಳನ್ನೂ ವಾರದ ಮಟ್ಟಿಗೆ ಕೊಡಬಹುದು. ಒಂದರಲ್ಲಿ ಪಠ್ಯದ ಪದ್ಯಗಳನ್ನು ನಮ್ಮ ಉಪಾಧ್ಯಾಯರೇ ಓದಿ ತುಂಬಲಿ. ಒಂದರಲ್ಲಿ ಮಕ್ಕಳು ತಂದ ಅಜ್ಜಿಯರ ಹಾಡುಗಳಿರಲಿ. ಇಯರ್‌ಫೋನನ್ನು ಮಾತ್ರ ಅವರವರು ತರತಕ್ಕದ್ದು, ಅದು ಹಲ್ಲುಜ್ಜುವ ಕುಂಚದಂತೆ ಒಬ್ಬರದೇ ಆಗಿರಬೇಕು. ಬೇಸಗೆಯ ರಜೆಯಲ್ಲಿ ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡದೆ ಅರ್ಧದಷ್ಟು ತುಂಬಿ ಕಪಾಟಿನಲ್ಲಿಡುವ ಹೊಣೆಯನ್ನು ಒಂಬತ್ತನೆಯ ತರಗತಿಯವರು ವಹಿಸಿಕೊಳ್ಳಬಹುದು. ಊರಿಗೆ ಹೋಗುವ ಮಕ್ಕಳಿಗೆ ರಜೆಗೆಂದೇ ಒಂದೆರಡನ್ನು ಕೊಟ್ಟು ಕಳುಹಿಸಿದರೆ ಜೂನ್ ತಿಂಗಳಲ್ಲಿ ಅವು ಏನನ್ನು ಹೊತ್ತು ತರುವುವೋ ಕೇಳಬೇಕೆಂಬ ಆಸೆ ನಮಗಿದೆ.