ಎಂಟು ಬೈಗುಳ, ಒಂದು ಚಿತ್ರ

ಎಂಟು ಬೈಗುಳ ಮತ್ತು ಒಂದು ಬೆತ್ತಲೆ ಚಿತ್ರ. ಆರ್ಟ್ ಸ್ಪೀಗಲ್‌ಮನ್‌ರ ‘ಮೌಸ್’ ಚಿತ್ರಕಾದಂಬರಿಯನ್ನು ಎಂಟನೇ ತರಗತಿಯ ಪಾಠದಿಂದ ಕಿತ್ತುಹಾಕಲು ಅಮೆರಿಕದ ಟೆನೆಸಿ ರಾಜ್ಯದ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿ 2022ರ ಜನವರಿ 10ರಂದು ಮುಂದಿಟ್ಟ ದೂರು ಇದು. ಮತ ಹಾಕಿದವರು ಹತ್ತು ಮಂದಿ. ಹತ್ತಕ್ಕೆ ಹತ್ತೂ ಪುಸ್ತಕದ ವಿರುದ್ಧ ಬಿದ್ದವು.

ಆ ಬೆತ್ತಲೆ ಚಿತ್ರ ಯಾರದೆಂದು ಪುಟ ತೆರೆದು ನೋಡಿದವರಿಗೆ ಗೊತ್ತು. ಅದು ಸ್ಪೀಗಲ್‌ಮನ್‌ರ ತಾಯಿ ಆನ್ಯಾ. ನಾಜಿಗಳ ಆಶ್ವಿಟ್ಜ್ ಶಿಬಿರದಿಂದ ಜೀವ ಉಳಿಸಿಕೊಂಡು ಬಂದ ಆ ಹೆಂಗಸು 1968ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡಳು. ಸ್ನಾನದ ತೊಟ್ಟಿಯಲ್ಲಿ ಹೆಣವಾಗಿ ಬಿದ್ದ ಅವ್ವನನ್ನು ಮಗ ಒಂದು ಪುಟ್ಟ ಚೌಕದಲ್ಲಿ ಬರೆದಿದ್ದಾನೆ. ಅದರಲ್ಲಿ ಅಶ್ಲೀಲ ಕಂಡವರ ಕಣ್ಣಿನ ಬಗ್ಗೆ ನನಗೆ ಭಯವಾಗುತ್ತದೆ. ಅದೇ ಸಭೆಯಲ್ಲಿ ಸದಸ್ಯರೊಬ್ಬರು, ಜನರನ್ನು ನೇಣಿಗೆ ಹಾಕುವುದನ್ನೂ ಮಕ್ಕಳನ್ನು ಕೊಲ್ಲುವುದನ್ನೂ ಶಾಲೆ ಯಾಕೆ ತೋರಿಸಬೇಕು ಎಂದು ಕೇಳಿದರು. ಅಸಲು ತಕರಾರು ಅಲ್ಲಿತ್ತು. ನಾಜಿಗಳು ನೇಣಿಗೆ ಹಾಕಿದ್ದರು, ಮಕ್ಕಳನ್ನು ಕೊಂದಿದ್ದರು. ಅದನ್ನು ಬಿಟ್ಟು ಯಹೂದಿ ಹತ್ಯಾಕಾಂಡದ ಪಾಠ ಮಾಡುವುದು ಹೇಗೆ?

ಕಾಮಿಕ್ಸ್ ಪ್ರೀತಿಸುವ ನಮ್ಮಂಥವರಿಗೆ ಈ ನಾಟಕ ಹಳೆಯದು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಂದು ಪುಸ್ತಕವನ್ನೇ ಬರೆದರು. ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮ್ಮ ಕೈಗೆ ತಾವೇ ಕೋಳ ಹಾಕಿಕೊಂಡು ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ತಂದರು. ವರ್ಥಮ್ ತಮ್ಮ ರೋಗಿಗಳ ಮಾತುಗಳನ್ನು ತಿರುಚಿದ್ದರೆಂದು ಕ್ಯಾರಲ್ ಟಿಲಿ ಎಂಬ ಸಂಶೋಧಕಿ ಅವರದೇ ಕಡತಗಳನ್ನು ನೋಡಿ 2012ರಲ್ಲಿ ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ಎರಡು ತಲೆಮಾರು ಕಳೆದುಹೋಗಿತ್ತು.

ಆ ಕೋಡ್ ಯಾವ ಕೊಳಕನ್ನು ತೊಳೆಯಿತು? 1956ರಲ್ಲಿ ಇಸಿ ಕಾಮಿಕ್ಸ್ ಎಂಬ ಪ್ರಕಾಶನ ‘ಜಡ್ಜ್‌ಮೆಂಟ್ ಡೇ’ ಎಂಬ ತನ್ನ ಹಳೆಯ ಕತೆಯನ್ನು ಮತ್ತೆ ಅಚ್ಚು ಹಾಕಲು ಹೊರಟಿತು. ಕಿತ್ತಳೆ ಬಣ್ಣದ ರೋಬೋಗಳು ನೀಲಿ ಬಣ್ಣದವುಗಳನ್ನು ಕೀಳಾಗಿ ಕಾಣುವ ಗ್ರಹಕ್ಕೆ ಭೂಮಿಯಿಂದ ಪರೀಕ್ಷಕನೊಬ್ಬ ಬರುತ್ತಾನೆ, ನಿಮಗಿನ್ನೂ ಯೋಗ್ಯತೆ ಬಂದಿಲ್ಲ ಎಂದು ಹೇಳಿ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆದಾಗ ಅವನು ಕರಿಯ ಎಂದು ಗೊತ್ತಾಗುತ್ತದೆ. ಕೋಡ್‌ನ ಮುಖ್ಯಸ್ಥ, ಮಾಜಿ ನ್ಯಾಯಾಧೀಶ ಚಾರ್ಲ್ಸ್ ಮರ್ಫಿ, ಅವನು ಕರಿಯನಾಗಿರಕೂಡದು ಎಂದರು. ಆ ಕತೆಯಲ್ಲಿ ರಕ್ತವಿರಲಿಲ್ಲ, ಬೈಗುಳವಿರಲಿಲ್ಲ, ಬೆತ್ತಲೆ ಮೈ ಇರಲಿಲ್ಲ. ಪ್ರಕಾಶಕ ವಿಲಿಯಂ ಗೇನ್ಸ್ ಬಗ್ಗಲಿಲ್ಲ, ಇದ್ದದ್ದು ಇದ್ದಂತೆಯೇ ಅಚ್ಚು ಹಾಕಿಸಿದರು. ಅದೇ ಇಸಿಯ ಕಟ್ಟಕಡೆಯ ಕಾಮಿಕ್ ಪುಸ್ತಕವಾಯಿತು.

ಹಾಗಾಗಿ ಮಕ್ಕಳ ರಕ್ಷಣೆ ಎಂಬ ಮಾತು ಕೇಳಿದಾಗಲೆಲ್ಲ ನಾನು ಯಾರ ರಕ್ಷಣೆ ಎಂದು ಕೇಳುತ್ತೇನೆ. ಕಾಮಿಕ್ಸ್‌ನಿಂದ ಹುಟ್ಟಿದ ಸೂಪರ್‌ಹೀರೋ ಸಿನಿಮಾಗಳ ಮೇಲಿನ ಸಿಟ್ಟಿಗೂ ಇದೇ ಪ್ರಶ್ನೆ. 2019ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಮಾರ್ವೆಲ್ ಚಿತ್ರಗಳು ಸಿನಿಮಾವೇ ಅಲ್ಲ, ಥೀಮ್ ಪಾರ್ಕುಗಳು ಎಂದರು. ಅದೇ ವರ್ಷ ‘ಜೋಕರ್’ ಬಂದಾಗ, ಅದನ್ನು ನೋಡಿದ ಹುಡುಗರು ಬಂದೂಕು ಹಿಡಿದು ಬೀದಿಗಿಳಿಯುತ್ತಾರೆಂದು ಪತ್ರಿಕೆಗಳು ಹುಯಿಲೆಬ್ಬಿಸಿದವು, ಚಿತ್ರಮಂದಿರಗಳ ಮುಂದೆ ಪೊಲೀಸರು ನಿಂತರು. ಚಿತ್ರ ನೂರು ಕೋಟಿ ಡಾಲರ್ ದಾಟಿತು, ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದಿತು, ಆ ರಕ್ತಪಾತ ಮಾತ್ರ ನಡೆಯಲಿಲ್ಲ. ಒಂದು ಕಡೆ ಇದು ಹುಡುಗಾಟಿಕೆ, ಕಲೆಯಲ್ಲ ಎನ್ನುತ್ತಾರೆ. ಇನ್ನೊಂದು ಕಡೆ ಇದು ಸಮಾಜವನ್ನೇ ಸುಡುವ ಬೆಂಕಿ ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಸ್ವಾಮಿ! ಅಂಥದೇ ಕಾಮಿಕ್ಸ್‌ನಿಂದ ಬಂದ 2019ರ ‘ವಾಚ್‌ಮೆನ್’ ಟಿವಿ ಸರಣಿ ಶುರುವಾದದ್ದೇ 1921ರ ಟಲ್ಸಾ ಹತ್ಯಾಕಾಂಡದಿಂದ. ಬಿಳಿಯರ ಗುಂಪು ಕರಿಯರ ಕೇರಿಯನ್ನೇ ಸುಟ್ಟುಹಾಕಿದ ಆ ಘಟನೆಯ ಹೆಸರನ್ನು ಎಷ್ಟೋ ಅಮೆರಿಕನ್ನರು ಮೊದಲ ಸಲ ಕೇಳಿದ್ದು ಅಲ್ಲಿ, ತಮ್ಮ ಶಾಲೆಯಲ್ಲಲ್ಲ.

ನಮ್ಮಲ್ಲೂ ಈ ತಿರಸ್ಕಾರ ಕಡಿಮೆಯಿಲ್ಲ. ಹಳೇಬೀಡಿನ ಗೋಡೆಯ ಮೇಲೆ ರಾಮಾಯಣ, ಮಹಾಭಾರತಗಳನ್ನು ಸಾಲುಸಾಲಾಗಿ ಕೆತ್ತಿಸಿದ ನಾಡು ಇದು. ತೊಗಲು ಗೊಂಬೆಯಾಟದಲ್ಲಿ ಪರದೆಯ ಮೇಲೆ ರಾತ್ರಿಯಿಡೀ ಕತೆ ನೋಡಿದ ಜನ ನಾವು. ಆದರೂ ಮಗು ಚಿತ್ರಕತೆ ಹಿಡಿದು ಕೂತರೆ “ಪುಸ್ತಕ ಓದೋ, ಅದೇನು ಬೊಂಬೆ ನೋಡ್ತಾ ಕೂತಿದೀಯ” ಎಂದು ಗದರುತ್ತೇವೆ. ಅಂಬೇಡ್ಕರರ ಬದುಕನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ‘ಭೀಮಾಯಣ’ ಎಂಬ ಚಿತ್ರಕತೆಯಲ್ಲಿ ಚಿತ್ರಿಸಿದ್ದಾರೆ. ಕೆರೆಯ ನೀರು ಮುಟ್ಟಗೊಡದ ಊರನ್ನು ಅಲ್ಲಿನ ಮೀನು, ಹಕ್ಕಿ, ಹಾವುಗಳೇ ಹೇಳುತ್ತವೆ. ಅದನ್ನು ಬೊಂಬೆ ಪುಸ್ತಕ ಎಂದು ಪಕ್ಕಕ್ಕಿಡುವವರಿಗೆ ಓದಲು ಬರುತ್ತದೆ ಎಂದು ನಾನು ಒಪ್ಪುವುದಿಲ್ಲ.

ಮ್ಯಾಕ್‌ಮಿನ್‌ನ ಸುದ್ದಿ ಹರಡಿದ ಮೇಲೆ ‘ಮೌಸ್’ ಅಮೆಜಾನ್‌ನಲ್ಲಿ ಮಾರಾಟದ ಮೊದಲ ಸ್ಥಾನಕ್ಕೇರಿತು. ನಿಷೇಧದಿಂದ ಪುಸ್ತಕಕ್ಕೆ ಒಳ್ಳೆಯದೇ ಆಯಿತಲ್ಲ ಎಂದು ನಮ್ಮ ಕಡೆಯವರೇ ಕುಣಿದರು. ನನಗೆ ಆ ಸಂಭ್ರಮ ಬೇಡ. ಕೊಂಡವರು ಕೊಳ್ಳಬಲ್ಲವರು. ಹದಿಮೂರು ವರ್ಷದ ಹುಡುಗಿಯೊಬ್ಬಳು ಮೇಷ್ಟರ ಎದುರು ಆ ಪುಟ ತೆರೆದು, ಇವಳು ಅಲ್ಲಿಂದ ಬದುಕಿ ಬಂದೂ ಯಾಕೆ ಸತ್ತಳು ಎಂದು ಕೇಳಬೇಕಿತ್ತು. ಆ ಪ್ರಶ್ನೆಗೆ ಜಾಗ ಇದ್ದದ್ದು ತರಗತಿಯಲ್ಲಿ. ಪುಸ್ತಕ ಅಲ್ಲಿಗೇ ವಾಪಸು ಹೋಗಬೇಕು.