ದೀರ್ಘಾವಧಿ ವೀಸಾಕ್ಕೆ ಬೇಕಾದ ಆರೋಗ್ಯ ವಿಮೆ: ಅನಮೋಡ ಭಾಗದ ನಾಗರಿಕರ ಮನವಿ

ಇವರಿಗೆ: ಉಪಾಧ್ಯಕ್ಷರು, ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಸರ್ಕಾರ, ಬೆಂಗಳೂರು
ಮುಖಾಂತರ: ತಹಶೀಲ್ದಾರರು, ಜೋಯಿಡಾ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ

ವಿದೇಶದಲ್ಲಿ ಹದಿನೈದು ದಿನ ಸುತ್ತಾಡಿ ಬರಲು ಕೇಳುವ ಆರೋಗ್ಯ ವಿಮೆ ಬೇರೆ, ವರ್ಷಗಟ್ಟಲೆ ನೆಲೆಸಲು ಕೇಳುವ ವಿಮೆ ಬೇರೆ. ಯುರೋಪಿನ ಷೆಂಗೆನ್ ದೇಶಗಳಿಗೆ 90 ದಿನದೊಳಗಿನ ಭೇಟಿಗೆ ಹೋಗುವವರು ಕನಿಷ್ಠ 30,000 ಯೂರೋ ಮೊತ್ತದ ವಿಮೆ ತೋರಿಸಬೇಕು. ಈ ನಿಯಮ ಆ ಎಲ್ಲ ದೇಶಗಳಿಗೂ ಒಂದೇ. 90 ದಿನ ದಾಟಿತೆಂದರೆ ಆಯಾ ದೇಶದ ಕಾನೂನು ಅನ್ವಯಿಸುತ್ತದೆ. ಏಜೆಂಟರ ಬಳಿ ಸುಲಭವಾಗಿ ಸಿಗುವುದು ಮೊದಲ ಬಗೆಯ ಪ್ರವಾಸ ಪಾಲಿಸಿ. ಓದಲು, ದುಡಿಯಲು ಹೊರಟವರಿಗೆ ಅದೊಂದೇ ಸಾಲದು. ಈ ವ್ಯತ್ಯಾಸ ತಿಳಿಯದೆ ಕುಟುಂಬಗಳು ಕಟ್ಟಿದ ಹಣ ವ್ಯರ್ಥವಾಗದಂತೆ ನೋಡಿಕೊಳ್ಳಬೇಕೆಂಬುದೇ ಈ ಮನವಿಯ ಉದ್ದೇಶ.

ಜರ್ಮನಿಯ ಉದಾಹರಣೆಯಿಂದ ತೊಡಕಿನ ಸ್ವರೂಪ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ವಿಶ್ವವಿದ್ಯಾಲಯ ಸೇರುವ, 30 ವರ್ಷದೊಳಗಿನ ವಿದ್ಯಾರ್ಥಿಗೆ ‘ಕ್ರಾಂಕೆನ್‌ಕಾಸೆ’ ಎಂಬ ಸಾರ್ವಜನಿಕ ವಿಮಾ ನಿಧಿಯಲ್ಲಿ ರಿಯಾಯಿತಿ ದರದ ಸದಸ್ಯತ್ವ ಸಿಗುತ್ತದೆ. ವೀಸಾ ಅರ್ಜಿಯ ಹಂತದಲ್ಲಿ ಊರಲ್ಲಿ ಕೊಳ್ಳುವ ಪ್ರವಾಸ ಪಾಲಿಸಿ ಆ ಸದಸ್ಯತ್ವ ಶುರುವಾಗುವವರೆಗಿನ ದಿನಗಳಿಗಷ್ಟೇ. ಕಾಲೇಜಿನ ದಾಖಲಾತಿಗೆ ಅದು ನಡೆಯುವುದಿಲ್ಲ. ಅಗ್ಗವೆಂದು ಖಾಸಗಿ ವಿಮೆ ಆರಿಸಿ, ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬರೆಸಿಕೊಂಡರೆ ಆ ಓದು ಮುಗಿಯುವವರೆಗೆ ತಿರುಗಿ ಸಾರ್ವಜನಿಕ ನಿಧಿಗೆ ಬರಲಾಗದು. ಒಂದು ಸಹಿಯ ಪರಿಣಾಮ ವರ್ಷಗಳವರೆಗೆ ಉಳಿಯುತ್ತದೆ. ಇದನ್ನು ವಿಮಾನ ಹತ್ತುವ ಮೊದಲೇ, ತಿಳಿಯುವ ಭಾಷೆಯಲ್ಲಿ ಹೇಳುವವರು ಬೇಕು.

ಬ್ರಿಟನ್ನಿನಲ್ಲಿ ಪಾಲಿಸಿಯೇ ಬೇಡ, ಬದಲಿಗೆ ಆರೋಗ್ಯ ಶುಲ್ಕವಿದೆ. 2024ರ ಫೆಬ್ರವರಿ 6ರಿಂದ ಅದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್. ವೀಸಾದ ಇಡೀ ಅವಧಿಗೆ ಅರ್ಜಿಯ ಜೊತೆಗೇ ಕಟ್ಟಬೇಕು. ವೀಸಾ ನಿರಾಕರಣೆಯಾದರೆ ಈ ಹಣ ವಾಪಸು ಬರುತ್ತದೆ. ನರ್ಸಿಂಗ್ ಓದಿ ಅಲ್ಲಿನ ಆರೋಗ್ಯ ಸೇವೆಯ ವೀಸಾ ಪಡೆದವರು ಈ ಶುಲ್ಕ ಕಟ್ಟಬೇಕಿಲ್ಲ. ಆಸ್ಟ್ರೇಲಿಯಾ ವಿದ್ಯಾರ್ಥಿಗಳಿಂದ ವೀಸಾ ಅವಧಿ ಪೂರ್ತಿಗೆ ಅಲ್ಲಿನ ಅನುಮೋದಿತ ಕಂಪನಿಗಳದೇ ವಿಮೆ ಕೇಳುತ್ತದೆ. ಕೆನಡಾದಲ್ಲಿರುವ ಮಕ್ಕಳ ಮನೆಗೆ ‘ಸೂಪರ್ ವೀಸಾ’ದಲ್ಲಿ ಹೋಗುವ ತಂದೆತಾಯಿಗೆ ಕನಿಷ್ಠ ಒಂದು ವರ್ಷದ, 1,00,000 ಕೆನಡಾ ಡಾಲರ್ ಮೊತ್ತದ ವಿಮೆ ಬೇಕು. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರು ಮೊತ್ತಕ್ಕಿಂತ ಹೆಚ್ಚು ಗಮನಿಸಬೇಕಾದ್ದು ಮೊದಲೇ ಇರುವ ಕಾಯಿಲೆಗೆ ಪಾಲಿಸಿ ಹಣ ಕೊಡುತ್ತದೆಯೇ ಎಂಬುದನ್ನು.

ಕೊಲ್ಲಿ ದೇಶಗಳ ವಿಷಯ ಇನ್ನೊಂದು ಬಗೆಯದು. ದುಬೈ, ಅಬುಧಾಬಿಗಳಲ್ಲಿ ನೌಕರನ ವಿಮೆ ಮಾಲೀಕನ ಹೊಣೆ. 2025ರ ಜನವರಿ 1ರಿಂದ ಯುಎಇಯ ಉಳಿದ ಎಮಿರೇಟುಗಳಲ್ಲೂ ಖಾಸಗಿ ನೌಕರರಿಗೆ ಮತ್ತು ಮನೆಗೆಲಸದವರಿಗೆ ಇದು ಕಡ್ಡಾಯ. ನಮ್ಮ ದೇಶದಿಂದ ಹೊರಡುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಅಪಘಾತದಿಂದ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಪರಿಹಾರ. ತೆರಿಗೆ ಬಿಟ್ಟು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಇದು ಬಹಳ ಅಗ್ಗದ ರಕ್ಷಣೆ. ಆದರೆ ಕಡ್ಡಾಯವಿರುವುದು ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟಿನವರಿಗೆ ಮಾತ್ರ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಆ ಅನುಮತಿ ಬೇಕಿಲ್ಲ. ಹೀಗಾಗಿ ಹತ್ತನೇ ತರಗತಿ ಮುಗಿಸಿ ಚಾಲಕ, ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೋಗುವ ಹುಡುಗನಿಗೆ ಈ ವಿಮೆ ಮಾಡಿಸಿಕೋ ಎಂದು ಹೇಳುವ ಕಟ್ಟಳೆಯೇ ಇಲ್ಲ.

ಇವನ್ನೆಲ್ಲ ತಿಳಿಯುವುದು ನಮ್ಮ ಭಾಗದವರಿಗೆ ಸುಲಭವಲ್ಲ. ಅನಮೋಡವು, ರಾಷ್ಟ್ರೀಯ ಹೆದ್ದಾರಿ 748 ಘಾಟಿ ಇಳಿದು ಗೋವಾದ ಮೊಲೆಮ್ ಸೇರುವ ಮೊದಲು ಸಿಗುವ ಗಡಿಯೂರು. ಸುತ್ತ ಕಾಡು, ಆಚೆ ಕ್ಯಾಸಲ್‌ರಾಕ್, ಈಚೆ ಸೂಪಾ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರು ನೆಲೆಸಿದ ರಾಮನಗರ. ಜಿಲ್ಲಾ ಕೇಂದ್ರವಾದ ಕಾರವಾರ ಘಟ್ಟದ ಕೆಳಗೆ, ದೂರದಲ್ಲಿದೆ. ವೀಸಾ, ವಿಮೆಗಳ ಕಾಗದಪತ್ರಕ್ಕೆ ಬೆಳಗಾವಿ, ಹುಬ್ಬಳ್ಳಿ ಅಥವಾ ಪಣಜಿಗೇ ಹೋಗಬೇಕು. ಮನೆಮಾತು ಕೊಂಕಣಿಯೋ ಮರಾಠಿಯೋ ಆಗಿ, ಶಾಲೆಯಲ್ಲಿ ಕನ್ನಡ ಕಲಿತ ಕುಟುಂಬಗಳ ಕೈಗೆ ಬರುವುದು ಹತ್ತಾರು ಪುಟಗಳ ಇಂಗ್ಲಿಷ್ ಪಾಲಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ವಿದೇಶದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲವೆಂಬ ಸರಳ ಸಂಗತಿಯನ್ನೂ ಯಾರಾದರೂ ಹೇಳಬೇಕಾಗುತ್ತದೆ.

ಆದಕಾರಣ ಸಮಿತಿಯು ಕನ್ನಡಿಗರು ಹೆಚ್ಚಾಗಿ ಹೋಗುವ ದೇಶಗಳ ವಿಮಾ ನಿಯಮಗಳನ್ನು ದೇಶಕ್ಕೊಂದು ಪುಟದಂತೆ ಕನ್ನಡದಲ್ಲಿ ಪ್ರಕಟಿಸಬೇಕು. ಎಷ್ಟು ಮೊತ್ತ, ಯಾವ ದೇಶದ ಕಂಪನಿ, ಎಷ್ಟು ಅವಧಿ, ರೋಗಿಯೇ ಭರಿಸಬೇಕಾದ ಪಾಲು ಎಷ್ಟು ಎಂಬುದು ಅದರಲ್ಲಿರಬೇಕು. ನಿಯಮ ಬದಲಾದಾಗಲೆಲ್ಲ ತಿದ್ದಿ, ತಿದ್ದಿದ ದಿನಾಂಕ ನಮೂದಿಸಬೇಕು. ಹಳೆಯ ಮಾಹಿತಿ ಮಾಹಿತಿಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಈ ಪುಟಗಳ ಮುದ್ರಿತ ಪ್ರತಿ ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳ ಗ್ರಾಮ ಒನ್ ಕೇಂದ್ರಗಳಲ್ಲಿ ಸಿಗಬೇಕು. ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತುವ ಊರುಗಳಿಗೆ ಜಾಲತಾಣವೊಂದೇ ಸಾಲದು.

ಪಾಲಿಸಿಯ ಮುಖ್ಯಾಂಶಗಳ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶವಿದ್ದು, ಅದು 2024ರ ಜನವರಿ 1ರಿಂದ ಜಾರಿಯಲ್ಲಿದೆ. ವಿದೇಶ ಪಾಲಿಸಿ ಮಾರುವಾಗ ಇದನ್ನು ಕೇಳದೆಯೇ ಕನ್ನಡದಲ್ಲಿ ಕೊಡುವಂತೆಯೂ, ವೀಸಾ ಸಿಗದಿದ್ದರೆ ಕಂತಿನಲ್ಲಿ ಎಷ್ಟು ಹಿಂದಿರುಗುತ್ತದೆಂಬುದನ್ನು ಮೊದಲ ಪುಟದಲ್ಲೇ ಬರೆಯುವಂತೆಯೂ ಸಮಿತಿ ಪ್ರಾಧಿಕಾರಕ್ಕೆ ಪತ್ರ ಬರೆಯಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಕೊಲ್ಲಿಗೆ ಹೋಗುವ ಎಸ್ಸೆಸ್ಸೆಲ್ಸಿ ಪಾಸಾದ ಕಾರ್ಮಿಕರಿಗೂ ಕಡ್ಡಾಯಗೊಳಿಸಲು ರಾಜ್ಯ ಸರ್ಕಾರದ ಮೂಲಕ ವಿದೇಶಾಂಗ ಸಚಿವಾಲಯಕ್ಕೆ ಶಿಫಾರಸು ಹೋಗಬೇಕು.

ಕ್ಲೇಮು ತಿರಸ್ಕೃತವಾದವರು ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಹೋಗಬಹುದು. ಆ ದೂರನ್ನು ಬರೆದುಕೊಡಲು ನೆರವಾಗುವ ಒಬ್ಬ ಸಿಬ್ಬಂದಿಯನ್ನು ತಿಂಗಳಿಗೊಂದು ದಿನವಾದರೂ ರಾಮನಗರಕ್ಕೆ ಕಳುಹಿಸಬೇಕೆಂದು ಕೋರಲಾಗಿದೆ.

ಅರ್ಜಿದಾರರು: ಅನಮೋಡ ಹಾಗೂ ಸುತ್ತಲಿನ ಊರುಗಳ ನಾಗರಿಕರು